ಎದುರಾಳಿಗೆ ಬಿಟ್ಟುಕೊಡುವ ಮೇಜು: ಪೂಲ್ ಆಟದ ಸೇಫ್ಟಿ ಹೊಡೆತಗಳ ಕುರಿತು

ಗೆಲ್ಲುವ ಸರದಿಯೊಂದನ್ನು ಬಿಟ್ಟರೆ, ಪೂಲ್ ಆಟದಲ್ಲಿ ನಮ್ಮ ಪ್ರತಿಯೊಂದು ಸರದಿಯ ಕೊನೆಗೂ ಮೇಜು ಎದುರಾಳಿಯ ಪಾಲಾಗುತ್ತದೆ. ಇದನ್ನು ತಪ್ಪಿಸುವ ಉಪಾಯ ಯಾರ ಬಳಿಯೂ ಇಲ್ಲ. ಆದರೆ ಆ ಮೇಜು ಯಾವ ಸ್ಥಿತಿಯಲ್ಲಿ ಅವರ ಪಾಲಾಗಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ಬಹಳಷ್ಟು ಸಲ ನಮ್ಮ ಕೈಯಲ್ಲೇ ಇರುತ್ತದೆ, ಮತ್ತು ನಮ್ಮಲ್ಲಿ ಹೆಚ್ಚಿನವರು ಆ ಅಧಿಕಾರವನ್ನು ಬಳಸದೆಯೇ ಬಿಟ್ಟುಬಿಡುತ್ತೇವೆ. ಪಾಟ್ ಮಾಡಲು, ಅಂದರೆ ಚೆಂಡನ್ನು ಪಾಕೆಟ್ಟಿಗೆ ಹಾಕಲು ಪ್ರಯತ್ನಿಸುತ್ತೇವೆ, ಚೆಂಡು ಪಾಕೆಟ್ಟಿನ ಅಂಚಿಗೆ ತಾಗಿ ನಿಲ್ಲುತ್ತದೆ, ಬಿಳಿ ಚೆಂಡು ಎಲ್ಲೋ ಹೋಗಿ ನಿಲ್ಲುತ್ತದೆ, ಎದುರಾಳಿ ಎದ್ದು ಬಂದು ಸಾಲಾಗಿ ಐದು ಚೆಂಡು ತೆಗೆಯುತ್ತಾರೆ. ಆಗ ನಾವು ಅದೃಷ್ಟವನ್ನು ಹಳಿಯುತ್ತೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ‘ಎಲ್ಲೋ ಹೋಗಿ ನಿಲ್ಲುವ’ ಬಿಳಿ ಚೆಂಡಿನ ಬಗ್ಗೆ.

ಸೇಫ್ಟಿ ಎಂದರೆ ಚೆಂಡನ್ನು ಪಾಕೆಟ್ಟಿಗೆ ಹಾಕುವ ಉದ್ದೇಶವಿಲ್ಲದೆ, ಎದುರಾಳಿಗೆ ಒಳ್ಳೆಯ ಹೊಡೆತ ಸಿಗದಂತೆ ಮೇಜನ್ನು ಬಿಟ್ಟುಕೊಡುವ ಹೊಡೆತ. ಕೆಲವು ಕಡೆ ಇದನ್ನು ಕೀಳಾಗಿ ನೋಡುವ ರೂಢಿಯಿದೆ. ಧೈರ್ಯವಿಲ್ಲದವರು ಆಡುವ ಆಟ ಎಂದು ಹೇಳುವವರನ್ನು ನೀವೂ ಕೇಳಿರುತ್ತೀರಿ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಸ್ನೂಕರ್ ಎಂಬ ಆಟದ ಹೆಸರೇ ಇಂದು ಎದುರಾಳಿಯನ್ನು ಮರೆಯಲ್ಲಿ ಸಿಲುಕಿಸುವುದಕ್ಕೂ ಹೆಸರಾಗಿದೆ. ಹದಿನಾಲ್ಕು-ಒಂದು ಎಂದು ಕರೆಯುವ ಸ್ಟ್ರೇಟ್ ಪೂಲ್‌ನಲ್ಲಿ ಮೊದಲ ಹೊಡೆತವೇ ಒಂದು ಸೇಫ್ಟಿ. ಅಲ್ಲಿ ಬ್ರೇಕ್ ಮಾಡುವವರು, ಅಂದರೆ ಆ ಮೊದಲ ಹೊಡೆತ ಹೊಡೆಯುವವರು, ತಾವು ಮೊದಲೇ ಹೇಳಿದ ಚೆಂಡನ್ನು ಪಾಟ್ ಮಾಡದಿದ್ದರೆ ಬಿಳಿ ಚೆಂಡನ್ನೂ ಇನ್ನೆರಡು ಚೆಂಡುಗಳನ್ನೂ ಕುಶನ್ನಿಗೆ, ಅಂದರೆ ಮೇಜಿನ ಅಂಚಿನ ಮೆತ್ತನೆಯ ಪಟ್ಟಿಗೆ, ತಾಗಿಸಲೇಬೇಕು, ಇಲ್ಲವಾದರೆ 2 ಅಂಕ ಕಳೆಯುತ್ತಾರೆ. ಹಾಗಾಗಿ ಬಲ್ಲವರು ತ್ರಿಕೋನವಾಗಿ ಜೋಡಿಸಿದ ಚೆಂಡುಗಳ ರ್‍ಯಾಕ್‌ನ ಹಿಂದಿನ ಮೂಲೆಯ ಚೆಂಡನ್ನು ತೆಳುವಾಗಿ ಸವರಿ, ಬಿಳಿ ಚೆಂಡನ್ನು ಕುಶನ್ನುಗಳ ಸುತ್ತ ಓಡಿಸಿ, ಮತ್ತೆ ಮೇಲಿನ ಕುಶನ್ನಿಗೆ ಒರಗಿಸುತ್ತಾರೆ. ಹದಿನೈದು ಚೆಂಡುಗಳಲ್ಲಿ ಎರಡು ಅಲುಗಿ ಮತ್ತೆ ಗುಂಪಿನ ಬಳಿಗೇ ಬಂದು ನಿಂತರೆ ಅದು ಅತ್ಯುತ್ತಮ ಬ್ರೇಕ್. ಆಟದ ಮೊದಲ ಹೊಡೆತವನ್ನೇ ಹೀಗೆ ರೂಪಿಸಿದವರು ಸೇಫ್ಟಿಯನ್ನು ಹೇಡಿತನವೆಂದು ತಿಳಿದಿರಲಾರರು.

ಮಾತಿನ ಅನುಕೂಲಕ್ಕಾಗಿ ಮೂರು ಹೆಸರುಗಳನ್ನು ಬಳಸುತ್ತೇನೆ. ಕ್ಯೂ, ಅಂದರೆ ಹೊಡೆಯುವ ಕೋಲು, ತಾಗುವುದು ಬಿಳಿ ಚೆಂಡಿಗೆ. ಬಿಳಿ ಚೆಂಡು ಮೊದಲು ತಾಗಬೇಕಾದದ್ದು ಗುರಿಚೆಂಡು. ಇವೆರಡರ ನಡುವೆ ನಿಂತು ದಾರಿ ಮುಚ್ಚುವುದು ಅಡ್ಡಚೆಂಡು. ಮುಂದಿನ ಮಾತೆಲ್ಲ ಈ ಮೂರರ ನಡುವಿನ ಸಂಬಂಧವನ್ನು ಕುರಿತದ್ದು.

ಮೊದಲಿಗೆ ನಿಯಮದ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಬಹಳಷ್ಟು ಸೇಫ್ಟಿಗಳು ಕೆಡುವುದು ಇಲ್ಲಿಯೇ. ಬಿಳಿ ಚೆಂಡು ಗುರಿಚೆಂಡಿಗೆ ತಾಗಿದ ಮೇಲೆ ಯಾವ ಚೆಂಡೂ ಪಾಕೆಟ್ಟಿಗೆ ಬೀಳದಿದ್ದರೆ, ಯಾವುದಾದರೂ ಒಂದು ಚೆಂಡು ಕುಶನ್ನಿಗೆ ತಾಗಲೇಬೇಕು. ಬಿಳಿ ಚೆಂಡೇ ತಾಗಿದರೂ ಸರಿ, ಬೇರೆ ಯಾವುದೇ ಚೆಂಡು ತಾಗಿದರೂ ಸರಿ. ಆದರೆ ಅದು ಮೊದಲ ತಾಗುವಿಕೆಯ ನಂತರ ಆಗಬೇಕು. ಇಲ್ಲದಿದ್ದರೆ ಫೌಲ್, ಎದುರಾಳಿಗೆ ಬಾಲ್ ಇನ್ ಹ್ಯಾಂಡ್. ಅಂದರೆ ಬಿಳಿ ಚೆಂಡನ್ನು ಕೈಯಲ್ಲಿ ಹಿಡಿದು ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ಒಂದು ಚೆಂಡು ಮೊದಲೇ ಕುಶನ್ನಿಗೆ ಅಂಟಿಕೊಂಡಿದ್ದರೆ, ಅದೇ ಕುಶನ್ನಿಗೆ ಅದನ್ನು ಒತ್ತಿದ್ದು ತಾಗಿಸಿದಂತೆ ಆಗುವುದಿಲ್ಲ. ಅದು ಬೇರೊಂದು ಕುಶನ್ನಿಗೆ ಹೋಗಬೇಕು, ಇಲ್ಲವೇ ಆ ಕುಶನ್ನನ್ನು ಬಿಟ್ಟು ಬಂದು ಮತ್ತೆ ತಾಗಬೇಕು.

ಈ ನಿಯಮವನ್ನು ನಾನು ಓದಿ ಕಲಿತಿದ್ದೆ, ಆದರೆ ಅದು ನನ್ನ ಮೈಗೆ ಹತ್ತಿದ್ದು ಒಂದು ಪಂದ್ಯವನ್ನು ಕಳೆದುಕೊಂಡ ಮೇಲೆ. ಪಂದ್ಯದ ಒಂದೊಂದು ಸುತ್ತಿಗೂ ರ್‍ಯಾಕ್ ಎನ್ನುತ್ತೇವೆ. ನಿರ್ಣಾಯಕ ರ್‍ಯಾಕ್‌ನಲ್ಲಿ ನನಗೊಂದು ಚೊಕ್ಕವಾದ ಮರೆ ಕಾಣಿಸಿತು. ಗುರಿಚೆಂಡನ್ನು ಮೆಲ್ಲಗೆ ಸವರಿ ಬಿಳಿ ಚೆಂಡನ್ನು ಎರಡು ಚೆಂಡುಗಳ ಹಿಂದೆ ಜಾರಿಸಬೇಕಿತ್ತು. ನನ್ನ ಗಮನವೆಲ್ಲ ಆ ಮರೆಯ ಮೇಲೆಯೇ ಇತ್ತು. ಬಿಳಿ ಚೆಂಡು ನಾನು ಬಯಸಿದ ಜಾಗದಲ್ಲೇ ನಿಂತಿತು. ಗುರಿಚೆಂಡು ಉರುಳುತ್ತಾ ಹೋಗಿ ಕುಶನ್ನಿಗೆ ನಾಲ್ಕು ಬೆರಳಿನಷ್ಟು ದೂರವಿರುವಾಗ ಸುಮ್ಮನಾಯಿತು. ರೆಫರಿ ಫೌಲ್ ಎಂದರು. ನಾನು ಅಷ್ಟು ಜತನದಿಂದ ಕಟ್ಟಿದ ಮರೆಯನ್ನು ಎದುರಾಳಿ ಬಿಳಿ ಚೆಂಡನ್ನು ಕೈಗೆತ್ತಿಕೊಂಡು ಒಂದೇ ಕ್ಷಣದಲ್ಲಿ ಅಳಿಸಿಹಾಕಿದರು. ಅಂದಿನಿಂದ ಪ್ರತಿಯೊಂದು ಸೇಫ್ಟಿಗೂ ಮುಂಚೆ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಒಂದೇ: ಕುಶನ್ನಿಗೆ ಹೋಗಿ ತಾಗುವ ಚೆಂಡು ಯಾವುದು, ತಾಗುವ ಕುಶನ್ ಯಾವುದು? ಇದಕ್ಕೆ ಉತ್ತರ ಸಿಗುವವರೆಗೆ ನಾನು ಮೇಜಿನ ಮೇಲೆ ಬಗ್ಗುವುದಿಲ್ಲ. ನೀವೂ ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಈಗ ಮರೆಯ ವಿಷಯಕ್ಕೆ ಬರೋಣ. ಹೊಸದಾಗಿ ಸೇಫ್ಟಿ ಆಡಲು ಕಲಿಯುವವರು ಗುರಿಚೆಂಡನ್ನು ಒಂದು ಅಡ್ಡಚೆಂಡಿನ ಹಿಂದೆ ಅಡಗಿಸಲು ನೋಡುತ್ತಾರೆ. ಇದು ಸಹಜವಾಗಿ ಹೊಳೆಯುವ ಆಲೋಚನೆ, ಆದರೆ ಬಹುಪಾಲು ಸಂದರ್ಭಗಳಲ್ಲಿ ತಲೆಕೆಳಗಾದ ಆಲೋಚನೆ. ಅಡಗಿಸಬೇಕಾದದ್ದು ಗುರಿಚೆಂಡನ್ನಲ್ಲ, ಬಿಳಿ ಚೆಂಡನ್ನು. ದೀಪದ ಮುಂದೆ ಕೈ ಹಿಡಿದು ನೋಡಿ. ಕೈ ದೀಪಕ್ಕೆ ಹತ್ತಿರವಿದ್ದರೆ ಇಡೀ ಗೋಡೆಯೇ ಕತ್ತಲಾಗುತ್ತದೆ. ಕೈಯನ್ನು ಗೋಡೆಯ ಹತ್ತಿರಕ್ಕೆ ಒಯ್ದರೆ ನೆರಳು ಕೈಯಷ್ಟೇ ಉಳಿಯುತ್ತದೆ. ಬಿಳಿ ಚೆಂಡನ್ನು ದೀಪವೆಂದೂ ಅಡ್ಡಚೆಂಡನ್ನು ಕೈಯೆಂದೂ ಭಾವಿಸಿಕೊಂಡರೆ ವಿಷಯ ಅರ್ಥವಾಗುತ್ತದೆ.

ಇದನ್ನು ಅಂಕಿಗಳಲ್ಲಿ ನೋಡಿದಾಗ ನನಗೇ ಅಚ್ಚರಿಯಾಗಿತ್ತು. ಒಂಬತ್ತು ಅಡಿಯ ಮೇಜಿನ ಆಡುವ ಜಾಗ 2.54 ಮೀಟರ್ ಉದ್ದ, 1.27 ಮೀಟರ್ ಅಗಲ. ಚೆಂಡಿನ ವ್ಯಾಸ ಸುಮಾರು 57 ಮಿಲಿಮೀಟರ್. ಬಿಳಿ ಚೆಂಡಿಗೂ ಅಡ್ಡಚೆಂಡಿಗೂ ನಡುವೆ ಇನ್ನೊಂದು ಚೆಂಡು ಹಿಡಿಯುವಷ್ಟು ಮಾತ್ರ ಅಂತರವಿದೆ ಎಂದುಕೊಳ್ಳಿ. ಆಗ ಅಡ್ಡಚೆಂಡು ಮುಚ್ಚುವ ಕೋನ 60 ಡಿಗ್ರಿ. ಗುರಿಚೆಂಡು ಅದೇ ದಿಕ್ಕಿನಲ್ಲಿ ಬಿಳಿ ಚೆಂಡಿನಿಂದ ಒಂದೂವರೆ ಮೀಟರ್ ದೂರದಲ್ಲಿದ್ದರೆ, ಅಲ್ಲಿ ಅದು ಮೇಜಿನ ಅಗಲಕ್ಕಿಂತಲೂ ಹೆಚ್ಚಿನ ಹರವಿನಲ್ಲಿ ಎಲ್ಲಿ ನಿಂತರೂ ಪೂರ್ತಿ ಮರೆಯಾಗಿಯೇ ಇರುತ್ತದೆ. ಅದೇ ಅಂತರ ಮೂರು ಚೆಂಡುಗಳಷ್ಟಾದರೆ ಕೋನ ಸುಮಾರು 29 ಡಿಗ್ರಿಗೆ ಇಳಿಯುತ್ತದೆ, ಗುರಿಚೆಂಡು ನಿಲ್ಲಬಹುದಾದ ಹರವು ಮೇಜಿನ ಅಗಲದ ಅರ್ಧದಷ್ಟಾಗುತ್ತದೆ. ಅಂತರ ಒಂಬತ್ತು ಚೆಂಡುಗಳಷ್ಟಾದರೆ, ಅಂದರೆ ಸುಮಾರು ಅರ್ಧ ಮೀಟರ್ ಆದರೆ, ಉಳಿಯುವುದು ಒಂದು ಗೇಣು. ಒಂದೂವರೆ ಮೀಟರ್ ದೂರದಲ್ಲಿ ಒಂದು ಚೆಂಡನ್ನು ಒಂದು ಗೇಣಿನೊಳಗೆ ನಿಲ್ಲಿಸುವಷ್ಟು ಹದ ನನ್ನ ಕೈಗಿಲ್ಲ. ಮೇಜಿನ ಅಗಲದೊಳಗೆ ನಿಲ್ಲಿಸುವ ಹದ ಇಲ್ಲಿ ಕುಳಿತಿರುವ ಪ್ರತಿಯೊಬ್ಬರಿಗೂ ಇದೆ.

ಹಾಗಾಗಿ ಸೇಫ್ಟಿ ಆಡುವಾಗ ಮೇಜಿನ ಮೇಲೆ ನೀವು ಮೊದಲು ಹುಡುಕಬೇಕಾದದ್ದು ಬಿಳಿ ಚೆಂಡು ಸುಲಭವಾಗಿ ಹೋಗಿ ಒರಗಬಹುದಾದ ಒಂದು ಅಡ್ಡಚೆಂಡನ್ನು. ಒರಗಿಯೇ ನಿಂತರಂತೂ ಮುಂದಿನ ಅರ್ಧ ಜಗತ್ತೇ ಮುಚ್ಚಿಹೋಗುತ್ತದೆ. ಎರಡು ಮೂರು ಚೆಂಡುಗಳು ಒತ್ತೊತ್ತಾಗಿ ನಿಂತ ಗುಂಪು ಸಿಕ್ಕರೆ ಅದಕ್ಕಿಂತ ಒಳ್ಳೆಯ ಗೋಡೆ ಬೇರೆ ಇಲ್ಲ. ಹತ್ತಿರ ನಿಲ್ಲಿಸುವುದರಿಂದ ಇನ್ನೊಂದು ಲಾಭವೂ ಇದೆ. ಇಂದಿನ ಆಟಗಾರರು ಜಂಪ್ ಕ್ಯೂ ಹಿಡಿದು ಬರುತ್ತಾರೆ, ಅಡ್ಡಚೆಂಡಿನ ಮೇಲೆ ಹಾರಿಸಿ ಗುರಿಚೆಂಡನ್ನು ಪಾಟ್ ಮಾಡುವವರೂ ಇದ್ದಾರೆ. ಆದರೆ ಬಿಳಿ ಚೆಂಡು ಎದ್ದು ಹಾರುವುದಕ್ಕೆ ಸ್ವಲ್ಪ ಜಾಗ ಬೇಕೇ ಬೇಕು. ಅಡ್ಡಚೆಂಡಿಗೆ ಅರ್ಧ ಬೆರಳಿನಷ್ಟು ಹತ್ತಿರ ನಿಲ್ಲಿಸಿದರೆ ಜಂಪ್ ಕ್ಯೂ ಅವರ ಚೀಲದಲ್ಲೇ ಉಳಿಯುತ್ತದೆ.

ಇನ್ನು ಹೊಡೆತದ ಒಳಗಿನ ಲೆಕ್ಕ. ಸೇಫ್ಟಿಯಲ್ಲಿ ಎರಡು ಚೆಂಡುಗಳನ್ನೂ ನಿಲ್ಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಎರಡನ್ನೂ ಒಂದೇ ತೂಕದಲ್ಲಿ ಹಿಡಿಯಲು ಹೋದರೆ ಎರಡೂ ಕೈತಪ್ಪುತ್ತವೆ. ಒಂದನ್ನು ಬಿಗಿಯಾಗಿ ಹಿಡಿದು, ಇನ್ನೊಂದಕ್ಕೆ ಸಾಕಷ್ಟು ಸಡಿಲ ಬಿಡಬೇಕು. ಯಾವುದನ್ನು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ತೀರ್ಮಾನಿಸುವುದು ಹೊಡೆತದ ದಪ್ಪ, ಅಂದರೆ ಬಿಳಿ ಚೆಂಡು ಗುರಿಚೆಂಡಿನ ಎಷ್ಟು ಭಾಗಕ್ಕೆ ತಾಗುತ್ತದೆ ಎಂಬುದು.

ಬಿಳಿ ಚೆಂಡು ಉರುಳದೆ ಜಾರುತ್ತಾ ಬಂದು ತಾಗುವ ಹೊಡೆತಕ್ಕೆ ಸ್ಟನ್ ಎನ್ನುತ್ತೇವೆ. ಸ್ಟನ್ ಹೊಡೆತದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಪೂರ್ತಿ ದಪ್ಪಕ್ಕೆ ತಾಗಿದರೆ ಬಿಳಿ ಚೆಂಡಿನ ವೇಗವೆಲ್ಲ ಗುರಿಚೆಂಡಿಗೆ ಹೋಗಿ, ಬಿಳಿ ಚೆಂಡು ಅಲ್ಲೇ ನಿಲ್ಲುತ್ತದೆ. ಮುಕ್ಕಾಲು ದಪ್ಪಕ್ಕೆ ತಾಗಿದರೆ ಬಿಳಿ ಚೆಂಡಿನಲ್ಲಿ ಕಾಲು ಭಾಗ ವೇಗ ಉಳಿಯುತ್ತದೆ, ಅರ್ಧಕ್ಕೆ ತಾಗಿದರೆ ಅರ್ಧ, ಕಾಲಿಗೆ ತಾಗಿದರೆ ಮುಕ್ಕಾಲು. ತಾಗದೆ ಬಿಟ್ಟ ಭಾಗವೆಷ್ಟೋ ಅಷ್ಟು ವೇಗ ಬಿಳಿ ಚೆಂಡಿನ ಪಾಲು. ಚೆಂಡು ಉರುಳುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅರ್ಧ ದಪ್ಪದ ಸ್ಟನ್ ಹೊಡೆತದಲ್ಲಿ ಗುರಿಚೆಂಡು ಮೂರು ಮಾರು ಹೋದರೆ ಬಿಳಿ ಚೆಂಡು ಒಂದು ಮಾರು ಹೋಗುತ್ತದೆ. ಅದೇ ಅರ್ಧ ದಪ್ಪಕ್ಕೆ ಬಿಳಿ ಚೆಂಡು ಸಹಜವಾಗಿ ಉರುಳುತ್ತಾ ಬಂದು ತಾಗಿದರೆ ಚಿತ್ರವೇ ಬೇರೆ. ಆಗ ಎರಡೂ ಚೆಂಡುಗಳು ಹೆಚ್ಚುಕಡಿಮೆ ಸಮನಾದ ದೂರ ಹೋಗುತ್ತವೆ, ಗುರಿಚೆಂಡು ತುಸು ಮುಂದೆ, ಅಷ್ಟೆ. ಬಿಳಿ ಚೆಂಡು ತಾನು ಬಂದ ದಾರಿಯಿಂದ ಮೂವತ್ತು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಕಾಲು ದಪ್ಪದಿಂದ ಮುಕ್ಕಾಲು ದಪ್ಪದವರೆಗೆ ಈ ಕೋನ ಹೆಚ್ಚು ಬದಲಾಗುವುದಿಲ್ಲ ಎಂಬುದು ಉರುಳುವ ಚೆಂಡು ನಮಗೆ ಕೊಟ್ಟಿರುವ ದೊಡ್ಡ ಅನುಕೂಲ. ಗುರಿ ಸ್ವಲ್ಪ ತಪ್ಪಿದರೂ ಬಿಳಿ ಚೆಂಡು ಸಾಗುವ ದಿಕ್ಕು ಕೆಡುವುದಿಲ್ಲ.

ಇಷ್ಟು ಲೆಕ್ಕವನ್ನು ಯಾಕೆ ಹೇಳಿದೆನೆಂದರೆ, ಸೇಫ್ಟಿಯಲ್ಲಿ ಜನ ಮೊದಲು ಯೋಚಿಸುವುದು ಎಷ್ಟು ಜೋರಾಗಿ ಹೊಡೆಯಬೇಕು ಎಂದು. ಅದು ಎರಡನೆಯ ಪ್ರಶ್ನೆ. ಎಷ್ಟು ದಪ್ಪಕ್ಕೆ ತಾಗಿಸಬೇಕು ಎಂಬುದು ಮೊದಲನೆಯದು. ಎರಡು ಚೆಂಡುಗಳ ನಡುವೆ ದೂರವನ್ನು ಹಂಚುವುದು ದಪ್ಪ. ಹಂಚಬೇಕಾದ ಮೊತ್ತವನ್ನು ಕೊಡುವುದು ವೇಗ. ಹಂಚಿಕೆ ತಪ್ಪಾಗಿದ್ದರೆ ಮೊತ್ತವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಈಗ ಈ ಮೇಜಿನ ಮೇಲೆ ಇಟ್ಟಿರುವುದನ್ನು ನೋಡಿ. ನೈನ್ ಬಾಲ್ ಆಟ, ಉಳಿದಿರುವುದು 7, 8, 9. ಅತಿ ಕಡಿಮೆ ಸಂಖ್ಯೆಯ ಚೆಂಡಿಗೇ ಮೊದಲು ತಾಗಿಸಬೇಕಾದ್ದರಿಂದ 7 ನಮ್ಮ ಗುರಿಚೆಂಡು. ಅದು ಕೆಳಗಿನ ಕುಶನ್ನಿನಿಂದ ಒಂದು ಅಡಿ ಮೇಲೆ, ಮೇಜಿನ ನಡುಗೆರೆಯಿಂದ ತುಸು ಬಲಕ್ಕೆ ಇದೆ. ಅದರ ಎಡ ಮೇಲ್ಭಾಗದಲ್ಲಿ, ಒಂದು ಚೆಂಡು ಹಿಡಿಯುವಷ್ಟು ಅಂತರ ಬಿಟ್ಟು 8 ನಿಂತಿದೆ. 9 ಬಲಗಡೆಯ ಉದ್ದ ಕುಶನ್ನಿನ ಬಳಿ, ನಮ್ಮ ದಾರಿಗೆ ಸಂಬಂಧವಿಲ್ಲದ ಕಡೆ. ಬಿಳಿ ಚೆಂಡು 7ಕ್ಕೆ ಬಲ ಮೇಲ್ಭಾಗದಲ್ಲಿ, ಸುಮಾರು ಮುಕ್ಕಾಲು ಮೀಟರ್ ದೂರದಲ್ಲಿದೆ. ಕೆಳಗಿನ ಎಡ ಮೂಲೆಯ ಪಾಕೆಟ್ಟಿಗೆ 7ನ್ನು ಓರೆಯಾಗಿ ತಾಗಿಸಿ ಕಳಿಸಬಹುದು, ಆದರೆ ನಲವತ್ತೈದು ಡಿಗ್ರಿಗೂ ಮೀರಿದ ಕೋನ. ನನ್ನ ಕೈಗೆ ಅದು ಹತ್ತಕ್ಕೆ ನಾಲ್ಕು ಸಲ ಬೀಳಬಹುದು. ಬಿದ್ದರೂ ಬಿಳಿ ಚೆಂಡು ಎಲ್ಲಿಗೆ ಓಡುತ್ತದೆ ಎಂದು ಹೇಳಲಾರೆ. ಬೀಳದಿದ್ದರೆ 7 ಆ ಮೂಲೆಯ ಬಾಯಲ್ಲೇ ನಿಂತಿರುತ್ತದೆ, ಮೂರು ಚೆಂಡು ತೆಗೆದು ಮುಗಿಸುವುದು ಎದುರಾಳಿಗೆ ಕಷ್ಟವಾಗುವುದಿಲ್ಲ.

ಇಲ್ಲಿ ನಾನು ಆಡುವ ಹೊಡೆತ ಇದು. ಬಿಳಿ ಚೆಂಡಿನ ನಡುವಿಗಿಂತ ಸ್ವಲ್ಪ ಕೆಳಗೆ ಕ್ಯೂ ತಾಗಿಸಿ, 7ಕ್ಕೆ ಪೂರ್ತಿ ದಪ್ಪದ ಸ್ಟನ್ ಹೊಡೆತ. ಬಿಳಿ ಚೆಂಡು 7 ಇದ್ದ ಜಾಗದಲ್ಲೇ ನಿಂತುಬಿಡುತ್ತದೆ, ಅಂದರೆ 8ರಿಂದ ಒಂದು ಚೆಂಡಿನ ಅಂತರದಲ್ಲಿ. 7 ಎಡಕ್ಕೆ ವಾಲಿ ಕೆಳಗಿನ ಕುಶನ್ನಿಗೆ ಹೋಗಿ ತಾಗುತ್ತದೆ. ನಿಯಮದ ಋಣ ಅಲ್ಲಿಗೆ ತೀರಿತು. ಅಲ್ಲಿಂದ ಪುಟಿದು 8ರ ಎಡಗಡೆಯಿಂದ ಹಾದು ಮೇಜಿನ ಮೇಲಿನ ಅರ್ಧಕ್ಕೆ ಏರಿ ಹೋಗುತ್ತದೆ. ಈಗ 8 ಅಡ್ಡ ನಿಂತಿದೆ, 7 ಆ ಅರವತ್ತು ಡಿಗ್ರಿಯ ನೆರಳಿನೊಳಗೆ ಎಲ್ಲೋ ಇದೆ. ಎಲ್ಲೋ ಎಂದೆ, ಅದು ಮೇಲಿನ ಕುಶನ್ನಿಗೆ ಒಂದು ಮೊಳ ಕೆಳಗೆ ನಿಂತರೂ ಸರಿ, ಕುಶನ್ನಿಗೆ ತಾಗಿ ಸ್ವಲ್ಪ ಮರಳಿ ಬಂದರೂ ಸರಿ. ನಾನು ಬಿಗಿಯಾಗಿ ಹಿಡಿದದ್ದು ಬಿಳಿ ಚೆಂಡನ್ನು, ಸಡಿಲ ಬಿಟ್ಟದ್ದು 7ನ್ನು. ಈ ಹೊಡೆತಕ್ಕೆ ಬೇಕಾದ ಕೌಶಲವೆಲ್ಲ ಬಿಳಿ ಚೆಂಡನ್ನು ತಾಗಿದಲ್ಲೇ ನಿಲ್ಲಿಸುವ ಒಂದು ಸ್ಟಾಪ್ ಶಾಟ್. ಆಟ ಕಲಿತ ಮೊದಲ ತಿಂಗಳಲ್ಲೇ ನೀವು ಅದನ್ನು ಕಲಿತಿರುತ್ತೀರಿ. ಸೇಫ್ಟಿಗೆ ವಿಶೇಷ ಪ್ರತಿಭೆ ಬೇಕೆಂದು ತಿಳಿದವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಎಲ್ಲ ಸಲವೂ ಅಡ್ಡಚೆಂಡು ಹೀಗೆ ಕಾದು ನಿಂತಿರುವುದಿಲ್ಲ. ಆಗ ಬಳಸುವುದು ದೂರವನ್ನು. ಗುರಿಚೆಂಡು ಒಂದು ತುದಿಯ ಕುಶನ್ನಿನ ಬಳಿ ಇದ್ದರೆ ಅದನ್ನು ತೆಳುವಾಗಿ ಸವರಿ, ಬಿಳಿ ಚೆಂಡನ್ನು ಇನ್ನೊಂದು ತುದಿಯ ಕುಶನ್ನಿಗೆ ಒರಗಿಸುವುದು. ಒರಗಿಸುವುದು ಎಂಬ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಬಿಳಿ ಚೆಂಡು ಕುಶನ್ನಿಗೆ ಅಂಟಿ ನಿಂತರೆ ಎದುರಾಳಿಯ ಕ್ಯೂಗೆ ಚೆಂಡಿನ ಮೇಲ್ಭಾಗ ಮಾತ್ರ ಸಿಗುತ್ತದೆ, ಕೆಳಗೆ ತಾಗಿಸಿ ಹಿಂದೆಳೆಯುವ ಸ್ಪಿನ್ ಕೊಡಲಾಗುವುದಿಲ್ಲ, ಕೈ ಊರಲು ಸರಿಯಾದ ಜಾಗವೂ ಇರುವುದಿಲ್ಲ. ಎರಡು ಮೀಟರಿಗೂ ಹೆಚ್ಚು ದೂರದ ಹೊಡೆತವನ್ನು ಆ ಸ್ಥಿತಿಯಿಂದ ಪಾಟ್ ಮಾಡುವವರಿದ್ದಾರೆ, ಆದರೆ ಪಾಟ್ ಮಾಡಿ ಮುಂದಿನ ಚೆಂಡಿಗೂ ಸರಿಯಾಗಿ ಬಂದು ನಿಲ್ಲುವವರು ಬಹಳ ಕಡಿಮೆ. ಕುಶನ್ನಿನಿಂದ ಒಂದು ಗೇಣು ಈಚೆ ನಿಂತ ಬಿಳಿ ಚೆಂಡಿಗೂ ಅಂಟಿ ನಿಂತ ಬಿಳಿ ಚೆಂಡಿಗೂ ಇರುವ ವ್ಯತ್ಯಾಸವನ್ನು ಎದುರಾಳಿಯ ಮುಖದಲ್ಲೇ ಓದಬಹುದು.

ಮರೆಯಾದ ಚೆಂಡಿಗೆ ಎದುರಾಳಿ ಸುಮ್ಮನೆ ಶರಣಾಗುವುದಿಲ್ಲ. ಅವರು ಕುಶನ್ನಿಗೆ ತಾಗಿಸಿ ಸುತ್ತಿ ಬರುತ್ತಾರೆ. ಅದನ್ನು ಕಿಕ್ ಎನ್ನುತ್ತೇವೆ. ಈ ಕಲೆಯ ಬಗ್ಗೆ ಮಾತಾಡುವಾಗ ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1999ರಲ್ಲಿ ನೈನ್ ಬಾಲ್ ವಿಶ್ವ ಚಾಂಪಿಯನ್ ಆದ, ಜಾದೂಗಾರ ಎಂದೇ ಹೆಸರಾದ ಆಟಗಾರ. 1995ರಲ್ಲಿ ಅಮೆರಿಕದ ರೆನೋದಲ್ಲಿ ಆ ದೇಶದ ಆಟಗಾರ ಅರ್ಲ್ ಸ್ಟ್ರಿಕ್ಲೆಂಡ್ ಅವರ ಎದುರು, ಪೂರ್ತಿ ಮರೆಯಾಗಿದ್ದ ಚೆಂಡಿಗೆ ಎರಡು ಕುಶನ್‌ಗಳ ಮೇಲಿಂದ ಅಂಕುಡೊಂಕಾಗಿ ಬಂದು ತಾಗಿ ಅದನ್ನು ಪಾಟ್ ಮಾಡಿದ ಅವರ ಹೊಡೆತವನ್ನು ಪೂಲ್ ಪ್ರಿಯರು ಇಂದಿಗೂ ಮತ್ತೆ ಮತ್ತೆ ನೋಡುತ್ತಾರೆ. ನಾನೂ ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದನ್ನು ನೋಡುವಾಗಲೆಲ್ಲ ನನಗನ್ನಿಸುವುದು, ನೇರ ದಾರಿಯನ್ನು ಮುಚ್ಚುವುದು ಸೇಫ್ಟಿಯ ಅರ್ಧ ಕೆಲಸ ಮಾತ್ರ. ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟರೆ ಏನು ಬಂತು?

ಆದ್ದರಿಂದ ಹೊಡೆಯುವ ಮುಂಚೆ, ಬಿಳಿ ಚೆಂಡು ಹೋಗಿ ನಿಲ್ಲಬೇಕಾದ ಜಾಗದ ಹಿಂದೆ ನೀವೇ ಹೋಗಿ ನಿಂತುಕೊಳ್ಳಿ. ಅಲ್ಲಿಂದ ಎದುರಾಳಿಯ ಕಣ್ಣಿನಲ್ಲಿ ನೋಡಿ. ಒಂದೇ ಕುಶನ್ನಿನ ಸುಲಭ ಕಿಕ್ ತೆರೆದಿದೆಯೇ? ಇದ್ದರೆ, ಅಡ್ಡಚೆಂಡಿನ ಇನ್ನೊಂದು ಪಕ್ಕಕ್ಕೆ ನಿಲ್ಲಿಸಿದರೆ ಅದು ಮುಚ್ಚುತ್ತದೆಯೇ? ಗುರಿಚೆಂಡು ನಿಲ್ಲುವ ಜಾಗವೂ ಇಲ್ಲಿ ಮುಖ್ಯ. ಕುಶನ್ನಿನಿಂದ ಒಂದು ಚೆಂಡಿಗಿಂತ ಸ್ವಲ್ಪ ಕಡಿಮೆ ಅಂತರದಲ್ಲಿ ನಿಂತ ಗುರಿಚೆಂಡು ಕಿಕ್ ಮಾಡುವವರಿಗೆ ದೊಡ್ಡ ಚೆಂಡಾಗಿಬಿಡುತ್ತದೆ, ಏಕೆಂದರೆ ಬಿಳಿ ಚೆಂಡು ಅದಕ್ಕೆ ನೇರವಾಗಿಯೂ ತಾಗಬಹುದು, ಸ್ವಲ್ಪ ತಪ್ಪಿದರೆ ಹಿಂದಿನ ಕುಶನ್ನಿಗೆ ತಾಗಿ ಮರಳಿಯೂ ತಾಗಬಹುದು. ಬಯಲಿನಲ್ಲಿ, ಯಾವ ಕುಶನ್ನಿನ ಆಸರೆಯೂ ಇಲ್ಲದೆ ನಿಂತ ಚೆಂಡಿಗೆ ಕಿಕ್ ಮಾಡುವುದು ಅದಕ್ಕಿಂತ ಬಹಳ ಕಷ್ಟ. ಮೇಲೆ ತೋರಿಸಿದ ಹೊಡೆತದಲ್ಲಿ 7 ಎಲ್ಲಿ ನಿಂತರೂ ಸರಿ ಎಂದೆ. ಆಯ್ಕೆ ನನ್ನದಾದರೆ, ಅದು ಮೇಲಿನ ಕುಶನ್ನಿನ ಹತ್ತಿರಕ್ಕೆ ಹೋಗದೆ ಒಂದು ಮೊಳ ಕೆಳಗೆ ಬಯಲಲ್ಲೇ ನಿಲ್ಲಲಿ ಎಂದು ಬಯಸುತ್ತೇನೆ.

ಏಯ್ಟ್ ಬಾಲ್ ಆಡುವವರಿಗೆ ಬೇರೆಯೇ ಒಂದು ಮಾತು ಹೇಳಬೇಕು. ಅಲ್ಲಿ ನಿಮ್ಮ ಏಳು ಚೆಂಡುಗಳು ನಿಮಗೆ ಕೆಲಸ, ಎದುರಾಳಿಗೆ ಅಡ್ಡಿ. ಎದುರಾಳಿ ತಮ್ಮ ಗುಂಪಿನ ಚೆಂಡಿಗೇ ಮೊದಲು ತಾಗಿಸಬೇಕಾದ್ದರಿಂದ ನಿಮ್ಮ ಪ್ರತಿಯೊಂದು ಚೆಂಡೂ ಅವರ ದಾರಿಯಲ್ಲಿ ನೆಟ್ಟ ಕಂಬ. ಆರಂಭದಲ್ಲಿ ಸಿಕ್ಕ ಸುಲಭದ ಐದು ಚೆಂಡುಗಳನ್ನು ಹುರುಪಿನಿಂದ ತೆಗೆದು, ಉಳಿದ ಎರಡು ಕುಶನ್ನಿಗೆ ಅಂಟಿಯೋ ಗುಂಪಿನಲ್ಲಿ ಸಿಕ್ಕಿಯೋ ಇವೆ ಎಂದು ಆಮೇಲೆ ಕಂಡುಕೊಳ್ಳುವ ಆಟಗಾರ ತನ್ನ ಕೋಟೆಯನ್ನು ತಾನೇ ಕೆಡವಿಕೊಂಡಿರುತ್ತಾನೆ. ಮೇಜಿನ ಮೇಲೆ ಈಗ ಎದುರಾಳಿಯ ಏಳು ಚೆಂಡುಗಳಿವೆ, ಅವರಿಗೆ ಎಲ್ಲ ಕಡೆ ದಾರಿ ತೆರೆದಿದೆ, ಈ ಆಟಗಾರನಿಗೆ ಎಲ್ಲ ಕಡೆ ಅಡ್ಡಿ. ಬಿಡಿಸಲಾಗದ ಗಂಟು ಕಂಡರೆ ಅದನ್ನು ಮೊದಲೇ ಒಪ್ಪಿಕೊಂಡು, ಮೇಜಿನ ಮೇಲೆ ನಿಮ್ಮ ಚೆಂಡುಗಳು ಹೆಚ್ಚಿರುವಾಗಲೇ ಸೇಫ್ಟಿ ಆಡಬೇಕು. ಸೇಫ್ಟಿ ಆಡುತ್ತಲೇ ಆ ಗಂಟನ್ನು ಮೆಲ್ಲಗೆ ಬಿಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ವರ್ಲ್ಡ್ ಪೂಲ್ ಬಿಲಿಯರ್ಡ್ ಅಸೋಸಿಯೇಷನ್‌ನ ನಿಯಮದಂತೆ ಏಯ್ಟ್ ಬಾಲ್‌ನಲ್ಲಿ ಹೊಡೆಯುವ ಮುಂಚೆ ಸೇಫ್ಟಿ ಎಂದು ಘೋಷಿಸಬಹುದು; ಘೋಷಿಸಿದರೆ ನಿಮ್ಮ ಚೆಂಡು ಪಾಕೆಟ್ಟಿಗೆ ಬಿದ್ದರೂ ಸರದಿ ಎದುರಾಳಿಗೆ ಹೋಗುತ್ತದೆ. ಪಾಕೆಟ್ಟಿನ ಬಾಯಲ್ಲಿರುವ ನಿಮ್ಮ ಚೆಂಡನ್ನು ಹಾಕಿ, ಬಿಳಿ ಚೆಂಡನ್ನು ಮರೆಯಲ್ಲಿ ನಿಲ್ಲಿಸಿ, ಆ ಮೇಜನ್ನು ಅವರಿಗೆ ಬಿಟ್ಟುಕೊಡುವ ಈ ಅವಕಾಶವನ್ನು ಬಳಸುವವರನ್ನು ನಾನು ಕಂಡದ್ದು ಅಪರೂಪ.

ಯಾವಾಗ ಸೇಫ್ಟಿ, ಯಾವಾಗ ಪಾಟ್ ಎಂಬ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳುತ್ತಾರೆ. ನನ್ನ ಉತ್ತರ ಪ್ರಾಮಾಣಿಕತೆಯನ್ನು ಬೇಡುವಂಥದ್ದು. ಈ ಪಾಟ್ ಹತ್ತು ಸಲ ಹೊಡೆದರೆ ಎಷ್ಟು ಸಲ ಬೀಳುತ್ತದೆ ಎಂದು ಕೇಳಿಕೊಳ್ಳಿ. ನಿಮ್ಮ ಅತ್ಯುತ್ತಮ ದಿನದ ಲೆಕ್ಕವಲ್ಲ, ಇಂದಿನ ಕೈಯ ಲೆಕ್ಕ. ಆಮೇಲೆ, ತಪ್ಪಿದರೆ ಎದುರಾಳಿಗೆ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಿ. ಕಷ್ಟದ ಪಾಟ್ ತಪ್ಪಿದರೂ ಎದುರಾಳಿಗೆ ಏನೂ ಸಿಗುವುದಿಲ್ಲ ಎನ್ನುವಂತಿದ್ದರೆ ಧಾರಾಳವಾಗಿ ಹೊಡೆಯಿರಿ. ಬೀಳಲಿ ಬೀಳದಿರಲಿ ನಷ್ಟವಿಲ್ಲದ ಇಂಥ ಎರಡು ಬಾಯಿಯ ಹೊಡೆತಗಳು ಆಟದ ಅತ್ಯಂತ ಬೆಲೆಬಾಳುವ ಹೊಡೆತಗಳು. ಪಾಟ್ ಸುಲಭವಾಗಿದ್ದರೂ ಅದರ ನಂತರದ ಚೆಂಡಿಗೆ ದಾರಿಯೇ ಇಲ್ಲದಿದ್ದರೆ, ಈಗಲೇ ಸೇಫ್ಟಿ ಆಡುವುದು ಮೇಲು. ಪಾಟ್ ಮಾಡಿ ಸಿಕ್ಕಿಹಾಕಿಕೊಂಡು ಆಮೇಲೆ ಆಡುವ ಸೇಫ್ಟಿ ಬಹುತೇಕ ದುರ್ಬಲವಾಗಿರುತ್ತದೆ, ಏಕೆಂದರೆ ಆಗ ಆಯ್ಕೆಯಾಗಲಿ ಕೋನವಾಗಲಿ ನಿಮ್ಮ ಕೈಯಲ್ಲಿ ಉಳಿದಿರುವುದಿಲ್ಲ. ಇನ್ನೊಂದು ತಪ್ಪನ್ನೂ ನಾನು ಪದೇ ಪದೇ ಕಾಣುತ್ತೇನೆ. ಪಾಟ್ ಮಾಡುವುದೋ ಸೇಫ್ಟಿ ಆಡುವುದೋ ಎಂದು ಮನಸ್ಸು ಹೊಯ್ದಾಡುತ್ತಿರುವಾಗಲೇ ಕ್ಯೂ ಮುಂದೆ ಚಲಿಸಿಬಿಡುತ್ತದೆ. ಆ ಹೊಡೆತ ಎರಡೂ ಆಗುವುದಿಲ್ಲ. ಎದ್ದು ನಿಂತು, ತೀರ್ಮಾನ ಮಾಡಿ, ಮತ್ತೆ ಬಗ್ಗಿ.

ಅಭ್ಯಾಸದ ಬಗ್ಗೆ ಹೇಳುವುದಾದರೆ, ಪಾಟ್ ಮಾಡುವುದನ್ನು ಗಂಟೆಗಟ್ಟಲೆ ಅಭ್ಯಾಸ ಮಾಡುವವರು ಸೇಫ್ಟಿಯನ್ನು ಪಂದ್ಯದಲ್ಲೇ ಕಲಿಯಲು ಹೊರಡುತ್ತಾರೆ. ದಿನಕ್ಕೆ ಹದಿನೈದು ನಿಮಿಷ ಸಾಕು. ಒಂದು ಬರೆಯುವ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅರ್ಧ ದಪ್ಪದ ಉರುಳು ಹೊಡೆತದಿಂದ ಬಿಳಿ ಚೆಂಡು ಆ ಹಾಳೆಯ ಮೇಲೆ ನಿಲ್ಲುವವರೆಗೆ ಹೊಡೆಯಿರಿ. ಗುರಿಚೆಂಡು ಎಲ್ಲಿ ನಿಂತಿತು ಎಂದು ಪ್ರತಿ ಸಲವೂ ನೋಡಿಕೊಳ್ಳಿ. ಕೆಲವೇ ದಿನಗಳಲ್ಲಿ ಎರಡೂ ಚೆಂಡುಗಳು ನಿಲ್ಲುವ ಜಾಗ ಹೊಡೆಯುವ ಮುಂಚೆಯೇ ಕಣ್ಣಿಗೆ ಕಟ್ಟತೊಡಗುತ್ತದೆ. ಆಮೇಲೆ ಹಾಳೆಯನ್ನು ಅರ್ಧಕ್ಕೆ ಮಡಚಿ. ಜೊತೆಗೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯ ಆಟವೊಂದಿದೆ: ಮೇಜಿನ ಮೇಲೆ ನಾಲ್ಕು ಚೆಂಡು ಹರಡಿ, ಪಾಟ್ ಮಾಡುವುದನ್ನು ಪೂರ್ತಿ ನಿಷೇಧಿಸಿ, ಸರದಿಯಂತೆ ಸೇಫ್ಟಿ ಮಾತ್ರ ಆಡುವುದು. ಯಾರು ಮೊದಲು ಫೌಲ್ ಮಾಡುತ್ತಾರೋ ಅವರು ಸೋತರು. ಕಿಕ್ ಮಾಡುವುದನ್ನು ನಾನು ಕಲಿತದ್ದೇ ಈ ಆಟದಲ್ಲಿ. ಕಿಕ್ ಮಾಡಲು ಬಂದ ಮೇಲೆ, ಎಂಥ ಮರೆಯಿಂದ ಹೊರಬರುವುದು ಕಷ್ಟ ಎಂಬುದು ತಾನಾಗಿಯೇ ತಿಳಿಯಿತು.

ಕೊನೆಯದಾಗಿ, ನೈನ್ ಬಾಲ್‌ನ ಮೂರು ಫೌಲ್‌ಗಳ ನಿಯಮ. ನಡುವೆ ಒಂದೂ ನಿಯಮಬದ್ಧ ಹೊಡೆತವಿಲ್ಲದೆ ಸತತ ಮೂರು ಸಲ ಫೌಲ್ ಮಾಡಿದವರು ಆ ರ್‍ಯಾಕ್ ಅನ್ನೇ ಸೋಲುತ್ತಾರೆ. ಎರಡನೆಯ ಫೌಲ್ ಆದಾಗ ಅವರಿಗೆ ಅದನ್ನು ತಿಳಿಸಬೇಕು. ಈಗ ಯೋಚಿಸಿ. ನಿಮ್ಮ ಸೇಫ್ಟಿಗಳಿಂದಾಗಿ ಎದುರಾಳಿ ಎರಡು ಫೌಲ್ ಮಾಡಿದ್ದಾರೆ, ಬಿಳಿ ಚೆಂಡು ನಿಮ್ಮ ಕೈಗೆ ಬಂದಿದೆ, ಮೇಜಿನ ಮೇಲೆ ಇನ್ನೂ ಏಳು ಚೆಂಡುಗಳಿವೆ, ಅವುಗಳಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಕೈಯಲ್ಲಿ ಚೆಂಡು ಬಂದ ಕೂಡಲೇ ಎಲ್ಲರೂ ಪಾಟ್ ಮಾಡಲು ಹೊರಡುತ್ತಾರೆ, ಐದನೆಯ ಚೆಂಡಿನ ಹೊತ್ತಿಗೆ ಆ ಗಂಟಿನ ಬಳಿ ನಿಲ್ಲುತ್ತಾರೆ. ಆದರೆ ಅಂಟಿಕೊಂಡ ಆ ಎರಡು ಚೆಂಡುಗಳೇ ಈ ಮೇಜಿನ ಮೇಲಿನ ಅತ್ಯುತ್ತಮ ಗೋಡೆ. ಬಿಳಿ ಚೆಂಡನ್ನು ನಿಮಗೆ ಬೇಕಾದ ಕಡೆ, ಬೇಕಾದ ಕೋನದಲ್ಲಿ ಇಟ್ಟುಕೊಳ್ಳಬಹುದು; ಬೇಕಾದಷ್ಟು ದಪ್ಪಕ್ಕೆ ಗುರಿಚೆಂಡನ್ನು ತಾಗಿಸಿ, ಅದನ್ನು ಕುಶನ್ನಿಗೆ ಕಳಿಸಿ, ಬಿಳಿ ಚೆಂಡನ್ನು ಆ ಗೋಡೆಗೆ ಒರಗಿಸಬಹುದು. ಇಷ್ಟು ಅನುಕೂಲದಲ್ಲಿ ಆಡುವ ಸೇಫ್ಟಿ ಇಡೀ ಪಂದ್ಯದಲ್ಲಿ ಇನ್ನೊಮ್ಮೆ ಸಿಗಲಾರದು, ಮತ್ತು ಎದುರಾಳಿ ಈ ಸಲ ತಾಗಿಸಲಾಗದೆ ಹೋದರೆ ಉಳಿದ ಏಳು ಚೆಂಡುಗಳನ್ನು ನೀವು ಮುಟ್ಟಬೇಕಾಗಿಯೇ ಇಲ್ಲ.